‘ಮುಟ್ಟಬೇಡಿ’ ಚೀಟಿ ಮತ್ತು ಮಾವನ ಅರ್ಜಿಗಳು

ದೆಹಲಿಯ ಗುಪ್ತಚರ ಸಂಸ್ಥೆಗೆ ಈ ದೇಶದಲ್ಲಿ ಯಾರೆಲ್ಲ ಹೆದರುತ್ತಾರೋ ನನಗೆ ಗೊತ್ತಿಲ್ಲ. ಆ ಸಂಸ್ಥೆ ಯಾರಿಗಾದರೂ ಹೆದರುವುದಿದ್ದರೆ ಅದು ಉರ್ವದಲ್ಲಿರುವ ನನ್ನ ಸೋದರಮಾವನಿಗೆ. ವಯಸ್ಸು ಎಪ್ಪತ್ತೊಂದು, ಸಕ್ಕರೆ ಕಾಯಿಲೆ ಉಂಟು, ಎಡಗಿವಿ ಸ್ವಲ್ಪ ಮಂದ, ಆಯುಧವೆಂದರೆ ಒಂದು ಕೆಂಪು ಪೆನ್ನು. ನಾಲ್ಕು ವರ್ಷಗಳಿಂದ ಮಾಹಿತಿ ಹಕ್ಕಿನಡಿ ಅರ್ಜಿ ಬರೆದು ಬರೆದು ಅಂಚೆಗೆ ಹಾಕುತ್ತಿದ್ದಾರೆ. ಅವರು ಕೇಳುವುದು ರಸ್ತೆ ಹೊಂಡದ ವಿಚಾರವಲ್ಲ, ಬೀದಿದೀಪದ ವಿಚಾರವಲ್ಲ. ಭಯೋತ್ಪಾದನಾ ನಿಗ್ರಹದ ಮೌಲ್ಯಮಾಪನ ವರದಿ! ಅಂಥದ್ದನ್ನು ಯಾರಾದರೂ ಲಕೋಟೆಗೆ ಹಾಕಿ ಅಂಟು ಹಚ್ಚಿ ಕಳಿಸುತ್ತಾರೆಯೇ? ನಾನೂ ಮೊದಲ ದಿನ ಹಾಗೇ ಕೇಳಿದೆ.

“ಕೇಳಿದವರಿಗೆ ಕೊಡ್ಬೇಕು ಅಂತ ಕಾನೂನು ಉಂಟು. ಕೇಳುವವರೇ ಇಲ್ಲದಿದ್ರೆ ಪಾಪ, ಅವರಾದ್ರೂ ಯಾರಿಗೆ ಕೊಡುವುದು?” ಎಂದರು ಮಾವ.

ಮಾವ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ನಮ್ಮದು ದೇವಸ್ಥಾನದ ಪೂಜೆ ಮಾಡಿಕೊಂಡು ಬಂದ ಮನೆತನ. ನಿವೃತ್ತಿಯಾದ ಮೇಲೆ ಮಾವನೂ ಅಲ್ಲಿ ಇಲ್ಲಿ ಗಣಹೋಮ, ಸತ್ಯನಾರಾಯಣ ಪೂಜೆ ಎಂದು ಹೊರಟರು. ಅದಕ್ಕೊಂದು ಬ್ಯಾಗು. ಅದರೊಳಗೆ ಪೂಜೆಯ ಗಂಟೆ, ತಾಮ್ರದ ತಂಬಿಗೆ, ಕರ್ಪೂರ, ತುಪ್ಪ, ದರ್ಭೆ, ಮುಹೂರ್ತ ತಪ್ಪದಿರಲಿ ಎಂದು ಕೀಲಿ ಕೊಡುವ ಒಂದು ಅಲಾರಂ ಗಡಿಯಾರ. ಬ್ಯಾಗು ಪೂರಾ ಮಡಿ. ಅತ್ತೆ ಮುಟ್ಟುವಂತಿಲ್ಲ, ನಾನಂತೂ ಅದರ ಕಡೆ ಜೋರಾಗಿ ಉಸಿರು ಬಿಡುವಂತಿಲ್ಲ. ನನ್ನ ಸ್ಕೂಟರಿನ ಹಿಂದೆ ಕೂತಾಗಲೂ ಅದು ನನಗೆ ತಾಗದಂತೆ ಎಡಗೈ ಚಾಚಿ ಹೊರಗೆ ಹಿಡಿದಿರುತ್ತಾರೆ. ನಾನು ಎಡಕ್ಕೆ ತಿರುಗುತ್ತೇನೆಂದು ತಿಳಿದು ಮೋಸಹೋದ ಸಿಟಿಬಸ್ಸಿನ ಡ್ರೈವರುಗಳು ನನಗೆ ಬೈದ ಬೈಗುಳಗಳಿಗೆ ಯಾವ ಪ್ರಾಯಶ್ಚಿತ್ತವೋ, ಅದನ್ನು ಮಾವ ಹೇಳಿಕೊಟ್ಟಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಮಾವ ಕಾಸರಗೋಡಿಗೆ ಹೋಮಕ್ಕೆ ಹೊರಟರು. “ಬಸ್‌ಸ್ಟ್ಯಾಂಡಲ್ಲಿ ಯಾರ್‍ಯಾರೋ ಮುಟ್ತಾರೆ ಮಾರಾಯ್ತಿ, ದೊಡ್ಡದಾಗಿ ಬರೆದು ಕೊಡು” ಎಂದರು. ನಾನು ತಮಾಷೆಗೆ ಕೆಂಪು ಮಾರ್ಕರ್ ತೆಗೆದುಕೊಂಡು ರಟ್ಟಿನ ಮೇಲೆ ‘ಮುಟ್ಟಬೇಡಿ’ ಎಂದು ಬರೆದು ಬ್ಯಾಗಿಗೆ ಕಟ್ಟಿಕೊಳ್ಳಲು ಕೊಟ್ಟೆ. ಬಿಜೈಯ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಇಳಿಸಿ ಬಂದೆ.

ಸಕ್ಕರೆ ಕಾಯಿಲೆಯವರಿಗೆ ಬಸ್ ಬರುವ ಮೊದಲು ಶೌಚಾಲಯ ಬರಬೇಕು. ಆದರೆ ಪೂಜೆಯ ಬ್ಯಾಗನ್ನು ಶೌಚಾಲಯಕ್ಕೆ ಒಯ್ಯುವುದುಂಟೇ? ಮಾವ ಜನ ಇಲ್ಲದ ಮೂಲೆ ಹುಡುಕಿದರು. ತುದಿಯ ಸಿಮೆಂಟು ಬೆಂಚಿನ ಮೇಲೆ ಬ್ಯಾಗಿಟ್ಟು, ಚೀಟಿ ಜನರಿಗೆ ಕಾಣುವಂತೆ ತಿರುಗಿಸಿದರು. ಅಲ್ಲೇ ಪಕ್ಕದಲ್ಲಿ ಕೊಡೆ ರಿಪೇರಿಗೆ ಕೂತುಕೊಳ್ಳುವ ಹಮೀದನಿಗೆ, “ಸ್ವಲ್ಪ ನೋಡ್ಕೊ ಮಾರಾಯ. ಯಾರನ್ನೂ ಹತ್ತಿರ ಬಿಡ್ಬೇಡ. ನೀನೂ ಮುಟ್ಬೇಡ” ಎಂದು ಹೇಳಿ ಹೋದರು.

ಹಮೀದ ಮಾತಿಗೆ ತಪ್ಪುವವನಲ್ಲ. ಅದೇ ಅವನ ಗ್ರಹಚಾರ. ಬೆಂಚಿನ ಹತ್ತಿರ ಬಂದವರನ್ನೆಲ್ಲ ದೂರದಿಂದಲೇ ಕೈಬೀಸಿ ತಡೆದ. “ಹತ್ತಿರ ಹೋಗ್ಬೇಡಿ, ಹತ್ತಿರ ಹೋಗ್ಬೇಡಿ.”

“ಯಾಕೆ? ಅದ್ರಲ್ಲಿ ಎಂತ ಉಂಟು?” ಎಂದು ಒಬ್ಬರು ಕೇಳಿದರು.

“ನಂಗೆ ಗೊತ್ತಿಲ್ಲ. ಮುಟ್ಬಾರ್ದಂತೆ.”

ಇನ್ನೊಬ್ಬರು ಕಿವಿಗೊಟ್ಟು ಕೇಳಿದರು. ಬ್ಯಾಗು ಟಿಕ್ ಟಿಕ್ ಎನ್ನುತ್ತಿತ್ತು. ಸರಿ, ಬೇರೆ ಎಂತ ಬೇಕು? ಅರ್ಧ ಗಂಟೆಯಲ್ಲಿ ಪೊಲೀಸರು, ನಾಯಿ, ಮರಳಿನ ಮೂಟೆ, ದಪ್ಪ ಅಂಗಿ ತೊಟ್ಟ ಇಬ್ಬರು ಬಂದರು.

ಮಾವ ಆ ಅರ್ಧ ಗಂಟೆ ಎಲ್ಲಿದ್ದರು? ಶೌಚಾಲಯದ ನಳ್ಳಿಯಲ್ಲಿ ನೀರಿರಲಿಲ್ಲ. ಕಾಲು ತೊಳೆಯದೆ, ಬಾಯಿ ಮುಕ್ಕಳಿಸದೆ ಬ್ಯಾಗು ಮುಟ್ಟುವಂತಿಲ್ಲ. ನೀರು ಹುಡುಕಿಕೊಂಡು ಮಾರ್ಕೆಟಿನ ತನಕ ಹೋಗಿದ್ದರು. ತಿರುಗಿ ಬಂದಾಗ ಪೊಲೀಸರು ಹಗ್ಗ ಕಟ್ಟಿ ಜನರನ್ನು ದೂರ ನಿಲ್ಲಿಸಿದ್ದರು. ಮಾವನೂ ಜನರ ಜೊತೆ ನಿಂತು, ಹೆಗಲ ಮೇಲಿಂದ ಇಣುಕಿ, “ಎಂತ ಆಯ್ತು ಮಾರಾಯ್ರೇ? ಯಾರು ಇಟ್ಟದ್ದಂತೆ? ಎಂಥ ಜನ ಇದ್ದಾರೆ ನೋಡಿ” ಎಂದು ಕಾಲದ ಬಗ್ಗೆ ಬೇಸರಪಟ್ಟರು. ಆಮೇಲೆ ದಪ್ಪ ಅಂಗಿಯವರು ಮರಳಿನ ಮೂಟೆಯ ಮರೆಯಲ್ಲಿದ್ದ ಬ್ಯಾಗನ್ನು ಸಿಡಿಸಿದರು, ಢಮ್ ಎಂದಿತು. ಢಮ್ಮಿನ ಹಿಂದೆಯೇ ಮೇಲೆ ಎಲ್ಲೋ ಒಂದು ಗಂಟೆ ಢಣ್ ಎಂದಿತು. ಮನೆಯ ಪೂಜೆಯೂ ಸೇರಿ ನಲವತ್ತು ವರ್ಷ ಅದನ್ನೇ ಆಡಿಸಿದ ಕೈ. ಶಬ್ದದಲ್ಲೇ ಗುರುತು ಸಿಕ್ಕಿತು.

ಇಲ್ಲಿಯವರೆಗೆ ನೀವು ನಗಬಹುದು. ನಾವೂ ನಕ್ಕಿದ್ದೆವು. ಮದುವೆ ಮನೆಗಳಲ್ಲಿ ಊಟದ ಪಂಕ್ತಿಯಲ್ಲಿ ನನ್ನ ಬಾಯಿಂದ ಈ ಕಥೆ ಕೇಳದವರು ನಮ್ಮ ಕಡೆಯಲ್ಲಿ ಕಡಿಮೆ.

ಮಾವ ಹಗ್ಗ ದಾಟಿ ಹೋಗಿ, “ಬ್ಯಾಗು ನನ್ನದು” ಎಂದರು. ಇನ್ಸ್‌ಪೆಕ್ಟರು ಅವರ ಜನಿವಾರ ನೋಡಿದರು, ಮೈಮೇಲಿನ ಗಂಧದ ಮುದ್ರೆ ನೋಡಿದರು, ಕುರ್ಚಿ ತರಿಸಿದರು, ಚಾ ತರಿಸಿದರು. “ಭಟ್ರೇ, ಕಾಲ ಸರಿ ಇಲ್ಲ, ಜಾಗ್ರತೆ ಮಾಡ್ಬೇಕಲ್ಲ” ಎಂದು ಬುದ್ಧಿ ಹೇಳಿ ಜೀಪಿನಲ್ಲಿ ಮನೆಗೆ ಬಿಟ್ಟರು. ಹಮೀದನನ್ನು ಇನ್ನೊಂದು ಜೀಪಿನಲ್ಲಿ ಒಯ್ದರು. ಅವನ ಚೀಲದಲ್ಲಿ ತಂತಿ, ಕಡ್ಡಿ, ಸ್ಪ್ರಿಂಗು, ಇಕ್ಕಳ ಸಿಕ್ಕಿತಂತೆ. ಕೊಡೆ ರಿಪೇರಿಯವನ ಚೀಲದಲ್ಲಿ ಇನ್ನೇನು, ಹೋಳಿಗೆ ಸಿಗುತ್ತದೆಯೇ? ಒಂಬತ್ತು ದಿನ ಇಟ್ಟುಕೊಂಡರು. ಮಾವ ದಿನಾ ಸ್ಟೇಷನ್ನಿಗೆ ಹೋಗಿ, ಬ್ಯಾಗು ನನ್ನದು, ಅವನಿಗೆ ಕಾಯಲು ಹೇಳಿದವನು ನಾನು ಎಂದು ಹೇಳುವುದು, ಅವರು ದಿನಾ ಚಾ ಕೊಟ್ಟು ಕಳಿಸುವುದು. ಹತ್ತನೆಯ ದಿನ ಕೇಸಿಲ್ಲ ಎಂದು ಹಮೀದನನ್ನು ಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಗಾದೆ ಮಾಡಿದವರು ನಮ್ಮ ಊರನ್ನು ನೋಡಿಯೇ ಮಾಡಿರಬೇಕು.

ಮುಗಿಯಿತು ಎಂದುಕೊಂಡೆವು. ಹಮೀದನ ತಾಯಿಗೆ ಮೆಕ್ಕಾ ನೋಡಬೇಕು ಎಂಬುದೊಂದೇ ಆಸೆ. ಮಂಡಿ ಬಗ್ಗದ ಹೆಂಗಸು, ಮಗನ ಕೈ ಹಿಡಿಯದೆ ಅಂಗಳಕ್ಕೂ ಇಳಿಯಲಾರರು. ಮಗನಿಗೆ ಪಾಸ್‌ಪೋರ್ಟು ಬೇಕು. ಅರ್ಜಿ ಹಾಕಿದ, ತಿರಸ್ಕಾರವಾಯಿತು. ಮತ್ತೆ ಹಾಕಿದ, ಮತ್ತೆ ಅದೇ. ಯಾಕೆ ಎಂದರೆ, “ಮೇಲಿನಿಂದ ರಿಪೋರ್ಟ್ ಸರಿ ಇಲ್ಲ.” ಎಷ್ಟು ಮೇಲಿನಿಂದ? ಅದನ್ನು ಹೇಳುವಂತಿಲ್ಲ. ಹಮೀದ ಆ ಕಾಗದ ಹಿಡಿದುಕೊಂಡು ಮಾವನ ಮನೆಗೆ ಬಂದು, ಮೆಟ್ಟಿಲಲ್ಲೇ ನಿಂತು, “ಭಟ್ರೇ, ನಾನು ಎಂತ ಮಾಡಿದ್ದೇನೆ ಅಂತ ಅದ್ರಲ್ಲಿ ಬರ್ದಿದ್ದಾರೆ, ಸ್ವಲ್ಪ ಕೇಳಿ ಹೇಳ್ತೀರಾ?” ಎಂದ.

‘ಮೇಲೆ’ ಎಂದರೆ ದೆಹಲಿಯ ಗುಪ್ತಚರದವರೇ ಎಂದು ಮಾವ ಲೆಕ್ಕ ಹಾಕಿದರು. ಅಂದು ಶುರುವಾದದ್ದು ಅವರ ಅರ್ಜಿ. ‘ದಿನಾಂಕ ಇಂಥದ್ದರಂದು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ ಬ್ಯಾಗು ಮತ್ತು ಅದನ್ನು ಕಾದ ವ್ಯಕ್ತಿಯ ಕುರಿತು ತಾವು ಮಾಡಿದ ಭಯೋತ್ಪಾದನಾ ಸಂಬಂಧಿ ಮೌಲ್ಯಮಾಪನದ ಪ್ರತಿ ಕೊಡಿ. ಒಂದು: ಗಡಿಯಾರವನ್ನು ಏನೆಂದು ಭಾವಿಸಿದಿರಿ? ಎರಡು: ಗಡಿಯಾರವೆಂದು ಗೊತ್ತಾದ ಮೇಲೆ ವರದಿಯನ್ನು ತಿದ್ದಿದ್ದೀರಾ? ಮೂರು: ತಿದ್ದದಿದ್ದರೆ ಕಾರಣವೇನು? ಹಂತ ಹಂತವಾಗಿ ವಿವರಿಸಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದೆ.’ ಉರ್ವದ ಅಂಚೆ ಕಚೇರಿಯಲ್ಲಿ ಮಾವನ ಕೊಡೆ ಕಂಡರೆ ಸಾಕು, ಕೌಂಟರಿನಲ್ಲಿದ್ದವರಿಗೆ ಚಾ ಕುಡಿಯುವ ನೆನಪಾಗುತ್ತಿತ್ತು.

ಉತ್ತರ ಬಂತು. ಒಂದೇ ವಾಕ್ಯ: ಕಾಯಿದೆಯ ಇಪ್ಪತ್ತನಾಲ್ಕನೆಯ ಸೆಕ್ಷನ್ ಪ್ರಕಾರ ನಮ್ಮ ಸಂಸ್ಥೆಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಮಾವ ಅದನ್ನು ಊಟದ ಮೇಜಿನ ಮೇಲೆ ಹರಡಿ, ಕೆಂಪು ಪೆನ್ನು ತೆಗೆದು, ಅಂಚಿನಲ್ಲಿ ಬರೆದರು: ‘ಕೇಳಿದ ಪ್ರಶ್ನೆಗೆ ಉತ್ತರಿಸಿಲ್ಲ. ಸೊನ್ನೆ. ಪಾಲಕರ ಸಹಿ ಹಾಕಿಸಿ ತನ್ನಿ.’ ಅದನ್ನೇ ಮೇಲ್ಮನವಿಗೆ ಲಗತ್ತಿಸಿ ಕಳಿಸಿದರು.

“ನಿಮಗೆ ಮಂಡೆ ಸಮ ಉಂಟಾ?” ಎಂದರು ಅತ್ತೆ. “ನಾಳೆ ನಿಮ್ಮನ್ನೂ ಹಿಡ್ಕೊಂಡು ಹೋಗ್ತಾರೆ.”

“ಹೋಗ್ಲಿ. ಹೋಗ್ಬೇಕಾದವನು ನಾನೇ ಅಲ್ವಾ?”

ಅತ್ತೆಯ ಆ ಮಾತೇ ಅವರಿಗೆ ದಾರಿ ತೋರಿಸಿತು. ಮುಂದಿನ ಅರ್ಜಿಯಲ್ಲಿ ಮಾವ ತಮ್ಮ ಬಗ್ಗೆಯೇ ಬರೆದರು: ಬ್ಯಾಗು ಕಾದವನು ಸಂಶಯಾಸ್ಪದನಾದರೆ ಬ್ಯಾಗಿನ ಯಜಮಾನ ಇನ್ನೂ ಹೆಚ್ಚು ಸಂಶಯಾಸ್ಪದನಾಗಬೇಕು, ಇದು ಸಾಮಾನ್ಯ ಗಣಿತ; ಆದ್ದರಿಂದ ನನ್ನ ಕುರಿತ ಮೌಲ್ಯಮಾಪನವನ್ನು ಕೊಡಿ, ಮಾಡಿಲ್ಲದಿದ್ದರೆ ಕೂಡಲೇ ಮಾಡಿ.

ಎರಡು ತಿಂಗಳಲ್ಲಿ ಮಫ್ತಿಯಲ್ಲೊಬ್ಬರು ವಿಚಾರಣೆಗೆ ಬಂದರು. ಮಾವನ ಸಂಭ್ರಮ ಹೇಳತೀರದು. ಮೊದಲೇ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಕೂತಿದ್ದರು, ಹೆಣ್ಣು ನೋಡಲು ಬರುವವರಿಗೆ ಕಾದ ಹಾಗೆ. ಅತ್ತೆ ಗೋಳಿಬಜೆ ಕರಿದರು. ಬಂದವರು ನಾಲ್ಕು ತಿಂದು, ಕೈ ಒರೆಸಿಕೊಂಡು, “ನಿಮ್ಮ ಮೇಲೆ ಎಂತ ಇಲ್ಲ ಭಟ್ರೇ. ನೀವು ಕ್ಲೀನ್” ಎಂದರು.

ಮಾವನಿಗೆ ಅವಮಾನವಾಯಿತು. “ಹೇಗೆ ಕ್ಲೀನ್? ಬ್ಯಾಗು ನನ್ನದು, ಗಡಿಯಾರ ನನ್ನದು, ಮುಟ್ಟಬೇಡಿ ಅಂತ ಬರೆದ ಅಕ್ಷರ ನನ್ನದು. ಅವನದ್ದು ಅದ್ರಲ್ಲಿ ಎಂತ ಉಂಟು?”

ಬಂದವರು ಒಳ್ಳೆಯ ಮನುಷ್ಯರೇ. “ನೀವು ಭಟ್ರಲ್ವಾ?” ಎಂದರು. ಇನ್ನೊಂದು ಗೋಳಿಬಜೆ ತೆಗೆದುಕೊಂಡರು.

ಅಕ್ಷರ ನನ್ನದು. ಗಣಿತದ ಮೇಷ್ಟ್ರು ಜೀವನದಲ್ಲಿ ಹೇಳಿದ ಒಂದೇ ಒಂದು ಸುಳ್ಳು ಅದು, ನನಗೋಸ್ಕರ ಹೇಳಿದ್ದು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಚಟ್ನಿಯ ಪಾತ್ರೆ ಕೈಯಲ್ಲಿತ್ತು. ಬಾಯಿ ಬಿಡಲಿಲ್ಲ. ಮಾವನ ಹುಚ್ಚಿನ ಕಥೆಯನ್ನು ಮದುವೆ ಮನೆಗಳಲ್ಲಿ ಹೇಳುವುದನ್ನು ಮಾತ್ರ ಅಂದಿಗೆ ಬಿಟ್ಟೆ. ನನ್ನ ಧೈರ್ಯ ಅಷ್ಟೇ.

ಆಮೇಲೆ ಮಾವ ಕಾಯಿದೆಯ ಪುಸ್ತಕವನ್ನೇ ತರಿಸಿ ಓದಿದರು. ಇಪ್ಪತ್ತನಾಲ್ಕನೆಯ ಸೆಕ್ಷನ್ನಿನ ಹೊಟ್ಟೆಯಲ್ಲೇ ಒಂದು ‘ಪರಂತು’ ಸಿಕ್ಕಿತು: ಮಾನವ ಹಕ್ಕಿನ ಉಲ್ಲಂಘನೆಯ ಆರೋಪವಿದ್ದರೆ, ಮಾಹಿತಿ ಆಯೋಗ ಒಪ್ಪಿದರೆ, ಕೊಡಬೇಕು. ಪ್ರಮೇಯದ ಕೊನೆಯ ಗೆರೆ ಸಿಕ್ಕಿದವರಂತೆ ಕುಣಿದರು. ಆಯೋಗಕ್ಕೆ ಎರಡನೆಯ ಮೇಲ್ಮನವಿ ಹೋಯಿತು. ಕಾದೆವು. ಹಮೀದನ ತಾಯಿಯೂ ಕಾದರು. ಕಂಕನಾಡಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ನೋಡಲು ಹೋದ ಮಾವನಿಗೆ ಅವರು ಬೇರೆ ಏನೂ ಹೇಳಲಿಲ್ಲ. “ದಿಲ್ಲಿಯ ಕಾಗದ ಬಂತಾ ಭಟ್ರೇ?”

“ಬರ್ತದೆ ಬ್ಯಾರ್ದಿಯಮ್ಮಾ. ಈ ಸಲ ಪರಂತು ಹಾಕಿ ಬರೆದಿದ್ದೇನೆ.”

ಅದೇ ವಾರ ಅವರು ತೀರಿಕೊಂಡರು. ಆಯೋಗದ ವಿಚಾರಣೆಯ ನೋಟಿಸು ಬಂದದ್ದು ಅದಾಗಿ ಐದು ತಿಂಗಳಿಗೆ.

“ಬಿಡಿ ಭಟ್ರೇ, ಇನ್ನು ಯಾರನ್ನು ಕರ್ಕೊಂಡು ಹೋಗ್ಲಿಕ್ಕುಂಟು ನಂಗೆ?” ಎಂದ ಹಮೀದ.

“ಹೆಸರು ಇನ್ನೂ ಅಲ್ಲೇ ಉಂಟಲ್ಲ, ಮಗಾ” ಎಂದರು ಮಾವ.

ವಿಚಾರಣೆ ಜಿಲ್ಲಾಧಿಕಾರಿ ಕಚೇರಿಯ ಒಂದು ಕೋಣೆಯಲ್ಲಿ, ಟಿ.ವಿ. ಪರದೆಯ ಮೇಲೆ. ಮಾವ, ಹಮೀದ, ನಾನು ಮೂವರೂ ಹೋದೆವು. ಮಧ್ಯಾಹ್ನ ಉರ್ವದಲ್ಲೇ ಒಂದು ಪೂಜೆಯಿತ್ತಾದ್ದರಿಂದ ಮಾವನ ಕೈಯಲ್ಲಿ ಹೊಸ ಬ್ಯಾಗಿತ್ತು. ಮಾವ ಎದ್ದು ನಿಂತು ಒಂದು, ಎರಡು, ಮೂರು ಎಂದು ವಿವರಿಸಿದರು. ದೆಹಲಿಯ ಆಯೋಗದವರು ಚೆನ್ನಾಗಿಯೇ ಕೇಳಿದರು. ಒಂಬತ್ತು ದಿನ ಇಟ್ಟುಕೊಂಡದ್ದಕ್ಕೆ ದಾಖಲೆ ಉಂಟೇ ಎಂದರು. ಕೇಸೇ ಹಾಕದ ಮೇಲೆ ದಾಖಲೆ ಎಲ್ಲಿಂದ? ದಾಖಲೆಯಿಲ್ಲದೆ ಉಲ್ಲಂಘನೆ ಇಲ್ಲ, ಉಲ್ಲಂಘನೆ ಇಲ್ಲದೆ ಪರಂತು ಇಲ್ಲ. ನಾಲ್ಕು ವರ್ಷದ್ದು ಆರು ನಿಮಿಷದಲ್ಲಿ ಮುಗಿಯಿತು. ಪರದೆ ನೀಲಿಯಾದ ಮೇಲೂ ಮಾವ ಸ್ವಲ್ಪ ಹೊತ್ತು ಅದಕ್ಕೇ ವಿವರಿಸುತ್ತಿದ್ದರು.

ಹೊರಗೆ ಬಂದು ಬಸ್ಸಿಗೆ ನಿಂತೆವು. ಮಾವನಿಗೆ ಅವಸರವಾಯಿತು. ಎದುರು ಹೊಟೇಲಿನಲ್ಲಿ ಶೌಚಾಲಯ ಉಂಟು. ಬ್ಯಾಗು? ಅಭ್ಯಾಸದಂತೆ ಸುತ್ತ ನೋಡಿದರು, ಖಾಲಿ ಮೂಲೆ ಹುಡುಕಿದರು. ನಾನೂ ಅಭ್ಯಾಸದಂತೆ ಕೈ ಹಿಂದೆ ಕಟ್ಟಿಕೊಂಡೆ. ಹಮೀದ ಅಷ್ಟರಲ್ಲಿ ಹತ್ತು ಹೆಜ್ಜೆ ಹಿಂದೆ ಸರಿದು ಲೈಟುಕಂಬದ ಹತ್ತಿರ ನಿಂತಿದ್ದ. ನಾಲ್ಕು ವರ್ಷದಿಂದ ಅವನು ಹಾಗೇ. ಯಾರದೇ ಬ್ಯಾಗಾಗಲಿ, ಅದು ನೆಲಕ್ಕೆ ಇಳಿಯಬಹುದು ಎಂದು ಕಂಡರೆ ದೂರ ಹೋಗಿ ನಿಲ್ಲುತ್ತಾನೆ.

ಮಾವ ಅದನ್ನು ನೋಡಿದರು. ನಡೆದು ಅವನ ಹತ್ತಿರ ಹೋದರು. ಬ್ಯಾಗಿನ ಪಟ್ಟಿಯನ್ನು ತಮ್ಮ ಹೆಗಲಿನಿಂದ ತೆಗೆದು ಅವನ ಹೆಗಲಿಗೆ ಹಾಕಿದರು.

“ಬೇಡ ಭಟ್ರೇ. ನಿಮ್ಮ ಮಡಿ...”

“ಮಡಿ ಅಂತ ಹೇಳಿಯೇ ನಿನ್ನ ತಾಯಿಯ ಮೆಕ್ಕಾ ಹಾಳು ಮಾಡಿದೆ ನಾನು. ಹಿಡ್ಕೊ. ಕೆಳಗೆ ಇಡ್ಬೇಡ. ಯಾರಾದ್ರೂ ಕೇಳಿದ್ರೆ ನಿನ್ನದೇ ಅಂತ ಹೇಳು.”

ಹೇಳಿ ರಸ್ತೆ ದಾಟಿ ಹೋದರು. ಹಮೀದ ಆ ಬ್ಯಾಗನ್ನು ಎರಡು ಕೈಯಲ್ಲೂ ಎದೆಗೆ ಒತ್ತಿಕೊಂಡು ನಿಂತ. ಒಳಗೆ ಹೊಸ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು, ನನಗೂ ಕೇಳುತ್ತಿತ್ತು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಲು ಕೈ ಬಿಡುವಿರಲಿಲ್ಲ. ನಾನು ಹೋಗಿ ಅವನ ಪಕ್ಕದಲ್ಲಿ ನಿಂತೆ. “ಹಮೀದಣ್ಣ, ಆವತ್ತಿನ ಆ ಚೀಟಿ ಬರೆದದ್ದು ನಾನು” ಎಂದೆ.

“ಗೊತ್ತುಂಟು ಅಕ್ಕಾ. ಭಟ್ರ ಅಕ್ಷರ ಅಷ್ಟು ಚಂದ ಇಲ್ಲ” ಎಂದ.

ಮಾವ ತಿರುಗಿ ಬಂದರು. ಕಾಲು ತೊಳೆದಿರಲಿಲ್ಲ. ಬ್ಯಾಗು ವಾಪಸು ಕೇಳಲಿಲ್ಲ. ಬಸ್ಸು ಬಂತು, ಹತ್ತಿದೆವು. ಉರ್ವದ ತನಕ ಅದು ಹಮೀದನ ಮಡಿಲಲ್ಲೇ ಇತ್ತು.