ಖಾಲಿ ಚೌಕ ಹುಡುಕುವ ಭಾವ

ನನ್ನ ಭಾವನಷ್ಟು ಭಯಂಕರ ಮನುಷ್ಯ ಆಗ ಕುಂದಾಪುರದಲ್ಲೇ ಇರಲಿಲ್ಲ. ಕೈಯಲ್ಲಿ ಆಯುಧ ಬೇರೆ: ಒಂದು ಪೇಂಟ್ ಬ್ರಷ್!

ಅಕ್ಕನ ಗಂಡನಾದ ಅವರೂ ನಾನೂ ಒಂದೇ ಗೇರುಬೀಜ ಕಾರ್ಖಾನೆಯ ಆಫೀಸಿನಲ್ಲಿದ್ದೆವು. ನಾನು ಬಿಲ್ ಬರೆಯುವವನು, ಅವರು ಕಂಪ್ಯೂಟರ್, ಪ್ರಿಂಟರ್, ಯುಪಿಎಸ್‌ಗಳ ಪಾಲಕರು. ತಮ್ಮೂರು ಮರವಂತೆಯ ಉಪ್ಪುಗಾಳಿ ತಮ್ಮ ಜೊತೆ ಬಸ್ಸು ಹತ್ತಿ ಬಂದು ಆಫೀಸಿನ ಮೆಷೀನುಗಳನ್ನೂ ತಿನ್ನುತ್ತದೆಂದು ಅವರ ಅನುಮಾನ.

"ಕೆಟ್ ಮೇಲೆ ಬಿಚ್ಚುಕೆ ನಾ ಎಂತಕ್ಕೆ? ಕೆಡುಕ್ ಮುಂಚೆ ಬಿಚ್ಕ್" ಎನ್ನುತ್ತಿದ್ದರು.

ಬಿಚ್ಚಿದರೋ, ಇಡೀ ದಿನ ಹೋಯಿತು! ಪ್ರತಿ ಸ್ಕ್ರೂವಿನ ಕುಶಲ ವಿಚಾರಿಸಿ, ಬ್ರಷ್ಷಿನಿಂದ ಧೂಳು ಗುಡಿಸಿ, ಒರೆಸಿ, ಮತ್ತೆ ಕೂರಿಸಬೇಕಲ್ಲ?

ತಮ್ಮನ್ನು ಮಾತ್ರ ಅವರು ಯಾರಿಗೂ ತೋರಿಸುತ್ತಿರಲಿಲ್ಲ. ಈಚೀಚೆಗೆ ಯುಪಿಎಸ್ ಹೊತ್ತು ಮೆಟ್ಟಿಲೇರುವಾಗ ಅರ್ಧದಲ್ಲಿ ನಿಂತು ಎದೆ ನೀವಿಕೊಳ್ಳುತ್ತಿದ್ದರು. ಅಕ್ಕ ನನ್ನ ಬೆನ್ನು ಬಿದ್ದಿದ್ದಳು: "ತಮ್ಮಾ, ನಿನ್ ಭಾವಂಗೆ ಒಂದ್ಸಲ ಡಾಕ್ಟ್ರಿಗ್ ತೋರ್ಸ್ಕಂಡ್ ಬಪ್ಪುಕ್ ಹೇಳಾ." ಹೇಳಿದರೆ ಉತ್ತರ ಒಂದೇ: "ಪುರ್ಸೊತ್ತಿಲ್ಲ ಮಾರಾಯ."

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಇಸವಿ ಕೇಳಿದರೆ ನೆನಪು ಬಾಯಿಗೆ ಬಂದದ್ದು ಹೇಳುತ್ತದೆ, ನಾನು ನಂಬುವುದಿಲ್ಲ. ಆಫೀಸಿನ ಕಂಪ್ಯೂಟರುಗಳಲ್ಲಿ ಒಂದು ಕ್ಯಾಲೆಂಡರ್ ಬಂತು. ಯಾವ ಹೊತ್ತಿಗೆ ಯಾವ ಕೆಲಸ ಎಂದು ಅವರವರೇ ತಮ್ಮ ಸಾಲಿನ ಚೌಕಗಳಲ್ಲಿ ತುಂಬಬೇಕು, ಎಲ್ಲರದೂ ಎಲ್ಲರಿಗೂ ಕಾಣುತ್ತದೆ. ಯಾರ ಚೌಕ ಖಾಲಿಯೋ ಅವರ ಮೆಷೀನಿನ ಸರ್ವೀಸಿಗೆ ಭಾವ ಇಳಿಯಬೇಕು. ಇದು ಸಾಹೇಬರ ಅಪ್ಪಣೆ.

ಪರಿಣಾಮ? ಒಂದೇ ವಾರದಲ್ಲಿ ಆಫೀಸಿನಲ್ಲಿ ಯಾರಿಗೂ ಉಸಿರಾಡಲು ಪುರಸೊತ್ತಿಲ್ಲ! ಸರಕು ಕಳಿಸುವ ಶೀನ ದಿನವಿಡೀ "ಲಾರಿ ಪತ್ರ ವ್ಯವಹಾರ" ಎಂದು ತುಂಬಿದ. ನಾನು "ಬಿಲ್ ಮರುಪರಿಶೀಲನೆ" ಎಂದೆ. ಇಷ್ಟು ದುಡಿಯುವವರನ್ನು ಕಂಡು ಕರಗಿದ ಸಾಹೇಬರು ಎಲ್ಲರಿಗೂ ಗೋಳಿಬಜೆ ತರಿಸಿದರು. ತಿಂದೆವು.

ಭಾವ ಸೋಲಬೇಕಲ್ಲ!

"ಹ್ವಾಯ್ ಶೀನ, ನಾಳೆ ನಿನ್ ಮೆಷೀನ್ ಬಿಚ್ತೆ."

"ನಾಳೆ ಫುಲ್ ಬಿಜಿ. ಬರ್ದಿದೆ, ಕಾಣಿ."

"ಇವತ್ತ್ ಬೈಂದೂರಂಗೆ ಆಟ ಇತ್ತ್. ಬೆಳಗಿನ್ವರೆಗೆ ಯಕ್ಷಗಾನ ಕಂಡ್ಕಂಡ್ ನಾಳೆ ನೀ ಬಪ್ಪುದೇ ಸುಳ್ಳ್. ಮೆಷೀನ್ ನಿಂಗೆಂತಕ್ಕೆ?"

ಮರುದಿನ ಶೀನ ಬರಲಿಲ್ಲ. ಮೆಷೀನು ಬಿಚ್ಚಿಕೊಂಡಿತು.

ಸುಳ್ಳು ಬರೆಯದವರು ಒಬ್ಬರೇ, ಸಂಬಳದ ಲೆಕ್ಕದ ಗಿರಿಜಕ್ಕ. ಒಮ್ಮೆ "ತಲೆನೋವು, ಸುಮ್ಮನೆ ಕೂತಿರುತ್ತೇನೆ" ಎಂದೇ ತುಂಬಿದ್ದರು! ಭಾವ ನಂಬುತ್ತಿದ್ದದ್ದು ಅವರ ಚೌಕಗಳನ್ನು ಮಾತ್ರ.

ಮುಂದಿನ ಉಪಾಯ ನನ್ನದು ಎಂದು ನನ್ನ ನೆನಪು, ತನ್ನದು ಎಂದು ಶೀನನ ನೆನಪು. ಒಂದು ಗುರುವಾರಕ್ಕೆ ಎಲ್ಲರೂ ಚೌಕ ತುಂಬಿಬಿಟ್ಟೆವು. ಭಾವನಿಗೆ ಬಿಚ್ಚಲು ಏನೂ ಉಳಿಯಬಾರದು.

ಅವರು ಬಂದು ಕ್ಯಾಲೆಂಡರ್ ತೆರೆದರು. ನಮ್ಮ ಚೌಕಗಳನ್ನು ಕಂಡು ಮೀಸೆಯಡಿ ನಕ್ಕರು. ಗಿರಿಜಕ್ಕನ ಸಾಲಿಗೆ ಬಂದವರು ನಿಂತೇಬಿಟ್ಟರು. ಬೆಳಿಗ್ಗೆಯಿಂದ ಸಂಜೆಯವರೆಗೆ "ತುರ್ತು ಕೆಲಸ"! ಗಿರಿಜಕ್ಕನೋ, ಖಾಲಿ ಮೇಜಿನ ಮುಂದೆ ಕೂತು ಕಿಟಕಿಯಾಚೆ ನೋಡುತ್ತಿದ್ದರು.

"ಭಾವ, ಇವತ್ತ್ ನೀವೊಬ್ರೇ ಖಾಲಿ. ಆಸ್ಪತ್ರೆಗ್ ಹೋಪ" ಎಂದೆ.

ಬ್ರಷ್ ಜೇಬಿಗಿಳಿಯಿತು. "ನಡಿ."

ಆಸ್ಪತ್ರೆಯಲ್ಲಿ ಎದೆಗೆಲ್ಲ ವಯರು ಅಂಟಿಸಿಕೊಂಡು ಮಲಗಿದವರು ನರ್ಸಮ್ಮನನ್ನು ವಿಚಾರಿಸಿದರು: "ಈ ಮೆಷೀನಂಗೆ ಧೂಳ್ ಕೂತಿತ್ತಲ್ದಾ ಅಮ್ಮ? ಸರ್ವೀಸ್ ಯಾವಾಗ?"

"ಈಗ ಸರ್ವೀಸ್ ನಿಮ್ದ್. ಮಾತಾಡ್ಬೇಡಿ."

ವಯರು ಕಿತ್ತ ಮೇಲೆ ಕೇಳಿದೆ: "ಅಕ್ಕ ಅಷ್ಟ್ ಹೇಳ್ರೂ ಬರ್ಲಿಲ್ಲ. ಇವತ್ತ್ ಎಂತ ಆಯ್ತ್?"

"ನಿಮ್ದೆಲ್ಲ ಸುಳ್ಳ್ ಅಂದೇಳಿ ಗೊತ್ತಿತ್ತ್. ನಿಮ್ಗ್ ಅದ್ ಅಭ್ಯಾಸ." ಅಂಗಿಯ ಗುಂಡಿ ಹಾಕಿಕೊಂಡರು. "ಗಿರಿಜಕ್ಕನೂ ನಂಗಾಯಿ ಸುಳ್ಳ್ ಬರ್ದ್ರ್ ಕಾಣ್. ಮತ್ತೆ ನಾ ಹಟ ಮಾಡುಕಾತ್ತಾ?"

ಹೃದಯದ ಒಂದು ನಾಳ ಕಟ್ಟಿಕೊಂಡಿತ್ತು. "ಇನ್ನೂ ತಡ ಮಾಡಿದ್ದರೆ" ಎನ್ನುತ್ತಲೇ ಡಾಕ್ಟರು ದಾಖಲಾತಿ ಚೀಟಿ ಬರೆದರು.

ಚಿಕಿತ್ಸೆ, ವಿಶ್ರಾಂತಿ ಮುಗಿಸಿ ಭಾವ ಕೆಲಸಕ್ಕೆ ಮರಳಿದ ಬೆಳಿಗ್ಗೆ ಸಾಹೇಬರು ಕ್ಯಾಲೆಂಡರ್ ತೆರೆದು ಹೌಹಾರಿದರು. ಎಲ್ಲ ಚೌಕವೂ ಖಾಲಿ, ಯಾರಿಗೂ ಏನೂ ಕೆಲಸವಿಲ್ಲ! ಆ ದಿನ ಗೋಳಿಬಜೆಯೂ ಬರಲಿಲ್ಲ.

ಭಾವ ಎಲ್ಲ ಸಾಲುಗಳನ್ನೂ ಮೆಲ್ಲಗೆ ನೋಡಿದರು. ಆಮೇಲೆ ನಮ್ಮನ್ನು. ನಾವು ಮೆಷೀನು ಆರಿಸಿ ಕುರ್ಚಿ ಸರಿಸಿ ನಿಂತಿದ್ದೆವು. ಅವರು ಬರುವವರೆಗೆ ಧೂಳನ್ನು ಯಾರೂ ಮುಟ್ಟಿರಲಿಲ್ಲ.