ಬೀಗರ ಕೆರೆದಂಡೆ ತಾಲೂಕು

ಒಮಾನ್ ದೇಶದೊಳಗೆ ಕೂತು ತನ್ನದೇ ಇನ್ನೊಂದು ಸರ್ಕಾರ ನಡೆಸಿಯೂ ಜೈಲಿಗೆ ಹೋಗದೆ, ಎರಡು ಹೊತ್ತು ಕುಚ್ಚಲಕ್ಕಿ ಗಂಜಿ ಕುಡಿದುಕೊಂಡು ಹಾಯಾಗಿರುವ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಬೀಗರು ಒಬ್ಬರೇ! ನಂಬಿಕೆ ಬರದಿದ್ದರೆ ಸಲಾಲಾಕ್ಕೆ ಬನ್ನಿ. ತೆಂಗಿನತೋಟಗಳ ಸಾಲು ಮುಗಿಯುವ ಕಡೆ, ಕಿರಾಣಿ ಅಂಗಡಿಯ ಹಿಂದೆ, ನಮ್ಮ ಬಿಲ್ಡಿಂಗಿನ ಹಿತ್ತಲಲ್ಲಿ ಆ ಸರ್ಕಾರದ ರಾಜಧಾನಿ ಇತ್ತು. ರಾಜಧಾನಿ ಅಂದರೆ ಏನು ಅಂದುಕೊಂಡಿರಿ? ಒಂದು ಪ್ಲಾಸ್ಟಿಕ್ ಕುರ್ಚಿ!

ಬೀಗರು ಅಂದರೆ ನನ್ನ ಅಳಿಯನ ಅಪ್ಪ. ಉಡುಪಿ ಕಡೆಯವರು, ಮನೆಮಾತು ತುಳು. ನಾನು ನಂಜನಗೂಡಿನ ಕಡೆಯವಳು, ಓದಿದ್ದು ನಾಲ್ಕನೇ ಕ್ಲಾಸು. ನನ್ನ ಮಗಳು, ಅವರ ಮಗ ಇಬ್ಬರೂ ಇಲ್ಲಿನ ಬಂದರಿನ ಹತ್ತಿರ ಒಂದೇ ಆಫೀಸಿನಲ್ಲಿದ್ದು ಒಬ್ಬರನ್ನೊಬ್ಬರು ನೋಡಿ ಮದುವೆಯಾದರು. ಮೊಮ್ಮಗಳು ಹುಟ್ಟಿದ ಮೇಲೆ ಅವಳನ್ನು ನೋಡಿಕೊಳ್ಳಲು ನಾನೂ ಬಂದೆ, ಹೆಂಡತಿ ತೀರಿಹೋಗಿದ್ದ ಬೀಗರೂ ಬಂದರು. ಒಂದು ಹಿಡಿ ಮಗುವಿಗೆ ಇಬ್ಬರು ಕಾವಲುಗಾರರು! ಬೆಳಿಗ್ಗೆ ಅವಳಿಗೆ ನಾನು ರಾಗಿ ಗಂಜಿ ತಿನ್ನಿಸಿದರೆ, ನನ್ನ ಬೆನ್ನು ತಿರುಗುವಷ್ಟರಲ್ಲಿ ಅವರು ನೀರು ದೋಸೆ ತಿನ್ನಿಸಿರುತ್ತಿದ್ದರು. ಮಗು ಎರಡು ಜಿಲ್ಲೆಯ ತಿಂಡಿ ತಿಂದು ಗುಂಡಗೆ ಲಾಡಿನ ಹಾಗೆ ಬೆಳೆಯಿತು.

ಬೆಳೆಯಿತು, ಆದರೆ ಮಾತಾಡಲಿಲ್ಲ. ಮೂರು ತುಂಬಿತು, ಬಾಯಿಂದ ಒಂದು ಪದವಿಲ್ಲ. ಕರೆದರೆ ಓಡಿ ಬರುತ್ತಾಳೆ, ಹೇಳಿದ್ದೆಲ್ಲ ತಿಳಿಯುತ್ತದೆ, ನಗುತ್ತಾಳೆ, ಅಳುತ್ತಾಳೆ, ಮಾತು ಮಾತ್ರ ಇಲ್ಲ. ಡಾಕ್ಟರು ಕಿವಿ ನೋಡಿ, ನಾಲಿಗೆ ನೋಡಿ, ಎಲ್ಲ ಸರಿಯಿದೆ, ಸ್ವಲ್ಪ ಕಾಯಿರಿ ಅಂದರು. ಕಾಯುವುದು ಹೇಗೆ? ಮುಂದೆ ಎಲ್‌ಕೆಜಿಗೆ ಸೇರಿಸಬೇಕು. ಮಗು ಬಾಯಿ ಬಿಟ್ಟು ಏನಾದರೂ ಹೇಳುತ್ತದೋ ಇಲ್ಲವೋ ಅಂತ ಸ್ಕೂಲಿನವರು ನೋಡುತ್ತಾರಂತೆ. ನನ್ನ ಮಗಳು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚದೆಯೂ ಕಣ್ಣು ಒರೆಸಿಕೊಳ್ಳುವುದನ್ನು ನಾನು ಕಂಡೆ. ಮನೆಯವರೆಲ್ಲ ಮಗುವಿನ ಹಿಂದೆ ಬಿದ್ದೆವು. "ಮಮ್ಮಿ ಅನ್ನು", "ಡ್ಯಾಡಿ ಅನ್ನು". ನಾನಂತೂ ಬೆಲ್ಲದ ಚೂರು ಹಿಡಿದು "ಅಜ್ಜಿ ಅನ್ನು ಬಂಗಾರ, ಅಜ್ಜಿ" ಅಂತ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಅವಳು ಬೆಲ್ಲ ಕಿತ್ತುಕೊಂಡು ಓಡಿಹೋಗುತ್ತಿದ್ದಳು. ನನಗೆ ಮಂಡಿನೋವು ಬೇರೆ, ಎಬ್ಬಿಸಲು ಯಾರಾದರೂ ಬರಬೇಕು!

ಅವಳ ಹಿಂದೆ ಬೀಳದವರು ಒಬ್ಬರೇ, ಬೀಗರು. ಅವರಿಗೆ ಪುರುಸೊತ್ತಾದರೂ ಎಲ್ಲಿತ್ತು? ಅವರು ತಾಲೂಕು ಕಟ್ಟುತ್ತಿದ್ದರಲ್ಲ!

ಆದದ್ದಿಷ್ಟು. ನಮ್ಮ ಬಿಲ್ಡಿಂಗಿನ ಮಾಲೀಕರು ಅಬೂ ಸಯೀದ್ ಅಂತ, ವಯಸ್ಸಾದ ಅರಬರು. ಹಿತ್ತಲಲ್ಲಿ ಗೋಡೌನು ಕಟ್ಟಿಸುತ್ತೇನೆ ಅಂತ ಗುಂಡಿ ತೋಡಿಸಿ, ಯಾಕೋ ಮನಸ್ಸು ಬದಲಾಯಿಸಿ ಹಾಗೇ ಬಿಟ್ಟಿದ್ದರು. ಇಲ್ಲಿ ಖರೀಫ್ ಅಂತ ಜಿಟಿಜಿಟಿ ಮಳೆಗಾಲ ಬರುತ್ತದೆ. ಒಮಾನಿನ ಉಳಿದ ಊರುಗಳೆಲ್ಲ ಕಾದ ಹೆಂಚಾಗಿರುವಾಗ ಸಲಾಲಾದ ಗುಡ್ಡಗಳು ಹಸಿರಾಗುತ್ತವೆ. ಆ ಜಿಟಿಜಿಟಿಯೂ ಬಿಲ್ಡಿಂಗಿನ ಟ್ಯಾಂಕು ತುಂಬಿ ಚೆಲ್ಲಿದ ನೀರೂ ಸೇರಿ ಗುಂಡಿ ತುಂಬಿತು. ಮಿಕ್ಕವರಿಗೆ ಅದು ಕೊಚ್ಚೆ. ಬೀಗರು ಮಾತ್ರ ದಡದಲ್ಲಿ ನಿಂತು ಸೊಂಟಕ್ಕೆ ಕೈಕೊಟ್ಟು, "ಎಂಥ ಚಂದದ ಕೆರೆ ಮಾರಾಯ್ರೆ!" ಅಂದರು. ಮಾರನೆಯ ದಿನ ಅದು ಕೆರೆದಂಡೆ ತಾಲೂಕಾಗಿತ್ತು.

ಭೂಗೋಳ ಹೇಳದಿದ್ದರೆ ಬೀಗರು ಬೇಜಾರು ಮಾಡಿಕೊಳ್ಳುತ್ತಾರೆ, ಹೇಳಿಬಿಡುತ್ತೇನೆ. ಪೂರ್ವಕ್ಕೆ ಕಿರಾಣಿ ಅಂಗಡಿಯ ಹಿಂಬಾಗಿಲು. ಪಶ್ಚಿಮಕ್ಕೆ ಅಬೂ ಸಯೀದರ ಮೇಕೆ ದೊಡ್ಡಿ. ದಕ್ಷಿಣಕ್ಕೆ ತೆಂಗಿನತೋಟದ ಗೋಡೆ. ಉತ್ತರಕ್ಕೆ ನಮ್ಮ ಬಿಲ್ಡಿಂಗು, ಅಲ್ಲಿಯೇ ತಾಲೂಕಿನ ಜೀವನದಿಯ ಉಗಮ. ಯಾವ ನದಿ ಅನ್ನುತ್ತೀರಾ? ಎರಡನೇ ಮಹಡಿಯ ಎ.ಸಿ.ಯಿಂದ ತೊಟ್ಟಿಕ್ಕುವ ನೀರು! ಲೋಕದಲ್ಲಿ ಮಳೆ ಬಂದರೆ ನದಿ ಉಕ್ಕುತ್ತದೆ. ನಮ್ಮ ತಾಲೂಕಿನಲ್ಲಿ ಮಳೆ ಬಂದರೆ ನದಿ ಬತ್ತುತ್ತದೆ, ಯಾಕೆಂದರೆ ತಂಪಾಯಿತು ಅಂತ ಜನ ಎ.ಸಿ. ಆರಿಸಿಬಿಡುತ್ತಾರೆ. ಬೀಗರು ಎರಡನೇ ಮಹಡಿಗೆ ಹತ್ತಿ ಬೆಲ್ಲು ಒತ್ತಿ, "ರೈತರ ಹಿತದೃಷ್ಟಿಯಿಂದ ದಿನಕ್ಕೆ ಒಂದು ಗಂಟೆಯಾದರೂ ಎ.ಸಿ. ಹಾಕಿ" ಅಂತ ಕೇಳಿಕೊಂಡು ಬಂದರು. ಆ ಮನೆಯವರು ಅಳಿಯನಿಗೆ ಫೋನು ಮಾಡಿ, "ನಿಮ್ಮ ಫಾದರ್ ಆರೋಗ್ಯವಾಗಿದ್ದಾರಲ್ವಾ?" ಅಂತ ವಿಚಾರಿಸಿದರು.

ರೈತರು ಯಾರು ಅಂದಿರಾ? ಬೀಗರೇ. ದಡದಲ್ಲಿ ನಾಲ್ಕು ಬಸಳೆ ಬಳ್ಳಿ ಹಚ್ಚಿದ್ದರು.

ಇನ್ನು ಜನ. ಕಿರಾಣಿ ಅಂಗಡಿಯ ಮಲಯಾಳಿಯನ್ನು ಎಲ್ಲರೂ ಇಕ್ಕ, ಅಂದರೆ ಅಣ್ಣ, ಅಂತ ಕರೆಯುತ್ತೇವೆ. ಆತ ಬಿಸ್ಕತ್ತು ಒದಗಿಸುವುದರಿಂದ ಆಹಾರ ಮಂತ್ರಿ. ಬೀಗರು ಸ್ವತಃ ಕಾರ್ಯದರ್ಶಿ. ನಾನು ಏನು ಹೇಳಿದರೂ ಅಡ್ಡ ಮಾತಾಡುತ್ತೇನಂತೆ, ಅದಕ್ಕೆ ವಿರೋಧ ಪಕ್ಷದ ನಾಯಕಿ. ಖರೀಫ್‌ನಲ್ಲಿ ಗುಡ್ಡದ ಮೇಲೆ ಕಾಲು ಜಾರುತ್ತದೆ, ನೊಣ ಜಾಸ್ತಿ ಅಂತ ಒಂಟೆಗಳನ್ನು ಬಯಲಿಗೆ ಇಳಿಸುತ್ತಾರೆ. ಹಾಗೆ ಇಳಿದ ಅಬೂ ಸಯೀದರ ಒಂಟೆಗಳು ಒಂದು ದಿನ ಬಂದು ಅರ್ಧ ಕೆರೆ ಕುಡಿದವು. ಬೀಗರು ಅವಕ್ಕೂ ಓಟಿನ ಹಕ್ಕು ಕೊಡಬೇಕು ಅಂದರು.

ನಾನು ಎದ್ದು ನಿಂತೆ. "ಏನ್ರೀ ಬೀಗರೇ, ಈ ದೇಶದಲ್ಲಿ ನಮಗೇ ಓಟಿಲ್ಲ, ಒಂಟೆಗೆ ಯಾಕ್ರೀ?"

"ಅವರು ಇಲ್ಲಿಯೇ ಹುಟ್ಟಿದವರಲ್ವಾ ಅಕ್ಕ? ವೀಸಾದ ಮೇಲೆ ಬಂದವರು ನಾವು. ಕೂತ್ಕೊಳ್ಳಿ!"

ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ಒಂಟೆ ಕತ್ತು ಚಾಚಿ, ಬೀಗರು ರಟ್ಟಿನ ಮೇಲೆ ಬರೆದಿದ್ದ ತಾಲೂಕಿನ ನಕ್ಷೆಗೆ ಬಾಯಿ ಹಾಕಿತು. ದಕ್ಷಿಣ ಭಾಗ ಪೂರ್ತಿ ಹೊಟ್ಟೆಗೆ! "ನೋಡಿ, ನಿಮ್ಮ ಮತದಾರರು" ಅಂದೆ. ಬೀಗರು ಉಳಿದ ರಟ್ಟು ಎತ್ತಿಕೊಂಡು, "ತಾಲೂಕು ಸಣ್ಣದಾದಷ್ಟು ಆಡಳಿತ ಸುಲಭ" ಅಂದರು. ಇಂಥವರ ಹತ್ತಿರ ವಾದ ಮಾಡುವುದು ಹೇಗೆ ನೀವೇ ಹೇಳಿ!

ಈ "ಕೂತ್ಕೊಳ್ಳಿ"ಗೆ ಒಂದು ಹಿನ್ನೆಲೆ ಉಂಟು. ಬೀಗರು ಊರಲ್ಲಿ ಐದು ವರ್ಷ ಗ್ರಾಮ ಪಂಚಾಯ್ತಿ ಮೆಂಬರಾಗಿದ್ದರು. ಅವರ ವಾರ್ಡಿನಲ್ಲಿ ಒಂದು ಕೆರೆ. ಅದರ ಏರಿ ಒಡೆದಿತ್ತು. ರಿಪೇರಿ ಮಾಡಿಸಿ ಅಂತ ಕೇಳಲು ಎದ್ದು ನಿಂತಾಗಲೆಲ್ಲ ಯಾರಾದರೊಬ್ಬರು "ಕೂತ್ಕೊಳ್ಳಿ" ಅನ್ನುತ್ತಿದ್ದರಂತೆ. ಐದು ವರ್ಷ ಎದ್ದರು, ಐದು ವರ್ಷ ಕೂತರು. ಕೆರೆ ರಿಪೇರಿ ಆಗಲಿಲ್ಲ. ಆ ಸೇಡನ್ನು ತೀರಿಸಿಕೊಳ್ಳಲು ಸಮುದ್ರ ದಾಟಿ ಬಂದು ನಂಜನಗೂಡಿನ ಹೆಂಗಸನ್ನು ಹಿಡಿದರು!

ಈಗ ಸರ್ಕಾರ. ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ಆಯಿತು. ಒಂದು ಕಡೆ ನಾನು, ಇನ್ನೊಂದು ಕಡೆ ಮೊಮ್ಮಗಳು. ತೆಂಗಿನ ಚಿಪ್ಪಿಗೆ ಕಲ್ಲು ಹಾಕಿದೆವು. ನನ್ನ ಕಲ್ಲು ನನಗೆ, ಉಳಿದವೆಲ್ಲ ಅವಳಿಗೆ. ಅವಳೂ ಅವಳಿಗೇ ಹಾಕಿಕೊಂಡಳು, ಎರಡು ಕೈಯಲ್ಲೂ!

"ಅಯ್ಯೋ ನಂಜುಂಡಪ್ಪಾ! ಮಾತೇ ಬಾರದ ಮಗೂನ ಅಧ್ಯಕ್ಷೆ ಮಾಡ್ತೀರೇನ್ರೀ?"

"ಅಧ್ಯಕ್ಷರು ಮಾತಾಡಬೇಕು ಅಂತ ಎಲ್ಲುಂಟು ಅಕ್ಕ? ನಮ್ಮ ಪಂಚಾಯ್ತಿ ಅಧ್ಯಕ್ಷರು ಐದು ವರ್ಷದಲ್ಲಿ ಒಂದು ದಿನ ಬಾಯಿ ಬಿಟ್ಟದ್ದಿಲ್ಲ. ಬೆಲ್ಲು ಬಡೀತಿದ್ರು, ಚಾ ಕುಡೀತಿದ್ರು, ಕೈ ಎತ್ತುತ್ತಿದ್ರು. ಇವಳಿಗೆ ಮೂರೂ ಬರ್ತದೆ. ಮತ್ತೆ ಎಂಥ ಬೇಕು?"

ಮೊಮ್ಮಗಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಅವಳ ಕೈಗೆ ಒಂದು ಸ್ಟೀಲ್ ಚಮಚ, ಒಂದು ಪಾತ್ರೆಯ ಮುಚ್ಚಳ ಕೊಟ್ಟರು. ಅದೇ ಬೆಲ್ಲು. ಅವಳು ಬಡಿದರೆ ಎದ್ದು ಮಾತಾಡುತ್ತಿರುವವರು ಯಾರೇ ಆಗಿರಲಿ ಬಾಯಿ ಮುಚ್ಚಿ ಕೂರಬೇಕು. ಬಡಿದ ಕೂಡಲೇ ಕಾರ್ಯದರ್ಶಿಯವರು "ಕೂತ್ಕೊಳ್ಳಿ!" ಅಂತ ಕೂಗುವರು.

ಅಂದಿನಿಂದ ಸಂಜೆಯಾದರೆ ಸಭೆ. ಮನೆಯಲ್ಲಿ ಲುಂಗಿ ಉಡುವ ಬೀಗರು ಸಭೆಗೆ ಇಸ್ತ್ರಿ ಮಾಡಿದ ಪ್ಯಾಂಟು ಹಾಕುತ್ತಿದ್ದರು. ನಾನು ಇಕ್ಕನ ಸೋಡಾ ಕ್ರೇಟಿನ ಮೇಲೆ ಕೂರುತ್ತಿದ್ದೆ. ಕಪ್ಪೆಗಳ ಗಲಾಟೆ ಜಾಸ್ತಿಯಾಯಿತು ಅಂತ ನಾನು ದೂರಿದರೆ ಟಣ್! ಬಸಳೆ ಸಾರಿಗೆ ಎಲೆ ಕೊಡಿ ಅಂತ ಕೇಳಿದರೆ ಟಣ್! ಟಣ್ ಅಂದಾಗಲೆಲ್ಲ ನಾನು ಕೂರುತ್ತಿದ್ದೆ, ಮಗು ಕುರ್ಚಿಯಿಂದ ಬೀಳುವ ಹಾಗೆ ನಗುತ್ತಿತ್ತು. ಅಷ್ಟು ದೊಡ್ಡ ಅಜ್ಜಿ ಇಷ್ಟು ಸಣ್ಣ ಚಮಚಕ್ಕೆ ಹೆದರುತ್ತಾಳಲ್ಲ ಅಂತ!

ಮಗಳಿಗೆ ಮಾತ್ರ ಇದು ಹಿಡಿಸಲಿಲ್ಲ. "ಅಮ್ಮಾ, ನೀನೂ ಅವರ ಜೊತೆ ಸೇರ್ಕೊಂಡ್ಯಾ? ಅವಳಿಗೆ ಮಾತು ಬರಲಿ ಅಂತ ನಾನು ಒದ್ದಾಡ್ತಿದೀನಿ, ನೀವು ಚಮಚ ಕೊಟ್ಟು ಮಾತೇ ಬೇಡದ ಹಾಗೆ ಮಾಡ್ತಿದೀರಲ್ಲ!" ನನಗೂ ಅದು ಸರಿ ಅನ್ನಿಸಿತು. ಬೀಗರಿಗೆ ಹೇಳಿದೆ. ಅವರು ಚೊಂಬು ಎತ್ತಿಕೊಂಡು ಬಸಳೆಗೆ ನೀರು ಹಾಕಲು ಹೋದರು. ನಾಲ್ಕೇ ಬಳ್ಳಿಗೆ ಅಂದು ಕತ್ತಲಾಗುವವರೆಗೆ ನೀರು ಹಾಕಿದರು.

ಮಾರನೆಯ ಸಂಜೆ ಸಭೆ ಶುರುವಾಗುವ ಹೊತ್ತಿಗೆ ಅಬೂ ಸಯೀದರು ಬಂದರು. ಉದ್ದನೆಯ ಬಿಳಿ ಅಂಗಿ, ಕೈಯಲ್ಲಿ ಕೋಲು. ಅಳಿಯ ಮಗಳು ಇಬ್ಬರೂ ಆಫೀಸಿನಿಂದ ಬಂದು, ಮಾಲೀಕರನ್ನು ಕಂಡು ಗಾಬರಿಯಾಗಿ ಹಿತ್ತಲಿಗೆ ಓಡಿಬಂದರು.

"ಬಾಬಾ, ಯೇ ಪಾನಿ ಮುಶ್ಕಿಲ್. ಮಚ್ಛರ್ ಬಹುತ್. ಕಲ್ ಗಾಡಿ ಆಯೇಗಾ, ಮಿಟ್ಟಿ ಡಾಲೇಗಾ, ಖಲಾಸ್!" ಅಂದರು ಅಬೂ ಸಯೀದ್.

ಸೊಳ್ಳೆ ಜಾಸ್ತಿಯಾಗಿದೆ, ನಾಳೆ ಲಾರಿ ಬಂದು ಗುಂಡಿಗೆ ಮಣ್ಣು ಸುರಿಯುತ್ತದೆ, ತಾಲೂಕು ಮುಗಿಯಿತು ಅಂತ!

ಇಷ್ಟು ದಿನ ವಿರೋಧ ಪಕ್ಷದಲ್ಲಿದ್ದವಳು ನಾನೇ, ಆದರೆ ಅದನ್ನು ಕೇಳಿ ಎದೆಯುರಿಯಿತು. ಕ್ರೇಟಿನಿಂದ ಎದ್ದು ಮುಂದೆ ಹೋಗಿ ಕನ್ನಡದಲ್ಲೇ ಶುರು ಮಾಡಿದೆ. "ಹಂಗೆಲ್ಲ ಮುಚ್ಚಕ್ಕಾಗಲ್ಲ ಸ್ವಾಮಿ! ನಿಮ್ಮ ಒಂಟೆಗಳೂ ಇಲ್ಲೇ ನೀರು ಕುಡಿದಾವೆ!" ಇಕ್ಕ ಮಲಯಾಳದಲ್ಲಿ ಏನೋ ಅಂದ. ಅಳಿಯ ಇಂಗ್ಲಿಷಿನಲ್ಲಿ ಸಾರಿ ಕೇಳುತ್ತಿದ್ದ. ಮಗಳು ನನ್ನ ಸೆರಗು ಜಗ್ಗುತ್ತಿದ್ದಳು. ಅಬೂ ಸಯೀದರು ಅರಬ್ಬಿಯಲ್ಲಿ ಕೋಲು ಬೀಸುತ್ತಿದ್ದರು. ಮೇಕೆಗಳೂ ದೊಡ್ಡಿಯಿಂದ ಸೇರಿಕೊಂಡವು. ಯಾರ ಮಾತು ಯಾರಿಗೂ ಕೇಳಿಸುತ್ತಿಲ್ಲ!

ಅಧ್ಯಕ್ಷೆ ಕುರ್ಚಿಯ ಮೇಲೆ ಎದ್ದು ನಿಂತಳು. ಚಮಚಕ್ಕೆ ತಡಕಾಡಿದಳು. ಚಮಚ ಇಲ್ಲ. ಮುಚ್ಚಳ ಎತ್ತಿ ನೋಡಿದಳು, ಇಲ್ಲ. ಬೀಗರ ಕಡೆ ನೋಡಿದಳು. ಪ್ರತಿ ಸಲ ಕೂಗುವ ಕಾರ್ಯದರ್ಶಿ ಆ ದಿನ ಪ್ಯಾಂಟಿನ ಜೇಬಿಗೆ ಕೈ ಹಾಕಿಕೊಂಡು ಕಲ್ಲಿನ ಹಾಗೆ ನಿಂತಿದ್ದರು. ಅವಳ ಮುಖ ಕೆಂಪಾಯಿತು, ತುಟಿ ನಡುಗಿತು. ಈಗ ಅಳುತ್ತಾಳೆ ಅಂದುಕೊಂಡೆ.

"ಕೂತ್ಕೊಯ್ಯೀ!"

ಸುಮ್ಮನೆ ಹೇಳುವುದಲ್ಲ, ತೆಂಗಿನತೋಟದ ಆಚೆಗೂ ಕೇಳಿಸಿರಬೇಕು! ನಾನು ಇದ್ದಲ್ಲಿಯೇ ಕೂತೆ. ಕ್ರೇಟು ಹಿಂದೆಲ್ಲೋ ಇತ್ತು, ನಾನು ಕೂತದ್ದು ಕೆಸರಿನಲ್ಲಿ, ಹೊಸ ಸೀರೆಯಲ್ಲಿ! ಇಕ್ಕ ಕೂತ. ಅಳಿಯ ಆಫೀಸಿನ ಬಟ್ಟೆಯಲ್ಲೇ ಕೂತ. ಮಗಳು ಕೂರಲಿಲ್ಲ, ಕುಸಿದಳು. ಕನ್ನಡದ ಒಂದಕ್ಷರ ಬಾರದ ಅಬೂ ಸಯೀದರು ಒಂದು ಸಲ ನಮ್ಮನ್ನೆಲ್ಲ ನೋಡಿ, ಕೋಲೂರಿಕೊಂಡು ನನ್ನ ಸೋಡಾ ಕ್ರೇಟಿನ ಮೇಲೆ ಮೆಲ್ಲಗೆ ಕೂತರು.

ನನ್ನ ಮಗಳು ಮಗುವನ್ನು ಅಪ್ಪಿಕೊಂಡು ಗೊಳೋ ಅಂತ ಅತ್ತಳು. ಇದು ಅವಳ ಮೊದಲನೇ ಮಾತು ಅಂತ ಅಳಿಯ ಅಬೂ ಸಯೀದರಿಗೆ ಬಿಡಿಸಿ ಹೇಳಿದ. ಆ ಮುದುಕರು ಕಣ್ಣು ಒರೆಸಿಕೊಂಡು, "ಮಾಶಾಅಲ್ಲಾ! ಗಾಡಿ ನಹೀ ಆಯೇಗಾ" ಅಂದರು. ಖರೀಫ್ ಮುಗಿಯುವವರೆಗೆ ಕೆರೆ ಉಳಿಯಿತು. ಸೊಳ್ಳೆಗೆ ಅವರೇ ಔಷಧಿ ಹೊಡೆಸಿದರು.

ಮಾರನೆಯ ಬೆಳಿಗ್ಗೆ ಬಟ್ಟೆ ಮೆಷಿನ್ನಿಗೆ ಹಾಕುವಾಗ ಬೀಗರ ಇಸ್ತ್ರಿ ಪ್ಯಾಂಟಿನ ಜೇಬಿನಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ತೆಗೆದು ನೋಡಿದರೆ ಸ್ಟೀಲ್ ಚಮಚ!

ಹಿಡಿದುಕೊಂಡು ಹೋಗಿ ಅವರ ಮುಂದೆ ನಿಂತೆ. "ಏನ್ರೀ ಬೀಗರೇ ಇದು?"

ಅವರು ಗಂಜಿಯ ಬಟ್ಟಲಿನಿಂದ ತಲೆ ಎತ್ತಲಿಲ್ಲ. "ಸರ್ಕಾರದ ಗುಟ್ಟು ವಿರೋಧ ಪಕ್ಷಕ್ಕೆ ಹೇಳ್ತಾರಾ ಅಕ್ಕ?" ಅಂದರು. "ನನ್ನನ್ನು ಐದು ವರ್ಷ ಕೂರಿಸಿದ್ರು. ಇವಳು ಒಂದೇ ಮಾತಿಗೆ ಎಲ್ಲರನ್ನೂ ಕೂರಿಸಿದಳು ನೋಡಿ!"

ನಾನು ಆ ಚಮಚವನ್ನು ತೊಳೆದು ಅವರ ಗಂಜಿಯ ಬಟ್ಟಲಿಗೇ ಹಾಕಿದೆ. ಅಂದು ಮೊದಲ ಸಲ ಅವರ ಗಂಜಿಗೆ ನನ್ನ ಕೈಯಾರೆ ತುಪ್ಪ ಬಿಟ್ಟೆ. ಬೇಡ ಅನ್ನಲಿಲ್ಲ.

ಸ್ಕೂಲಿಗೂ ಹೋಗಿ ಬಂದೆವು. ಚಾಕಲೇಟು ಕೊಡಲು ಎದ್ದು ನಿಂತ ಮೇಡಮ್ಮಿಗೆ ನಮ್ಮ ಅಧ್ಯಕ್ಷೆ ಏನು ಹೇಳಿದಳು ಅಂತ ನಾನು ಬೇರೆ ಹೇಳಬೇಕೇ? ಮೇಡಮ್ಮು ನಕ್ಕು ಕೂತರು, ಸೀಟೂ ಕೊಟ್ಟರು.

ಈಗ ಗುಂಡಿ ಒಣಗಿ ಮಣ್ಣು ತುಂಬಿದೆ, ಸರ್ಕಾರ ನಮ್ಮ ಬಾಲ್ಕನಿಗೆ ಬಂದಿದೆ. "ಅಮ್ಮ" ಬಂತು, ನೀರಿಗೆ "ನೀಯಿ" ಬಂತು, ಬೀಗರ ಪಾಲಿಗೆ "ಅಜ್ಜ"ವೂ ಬಂತು. "ಅಜ್ಜಿ" ಇನ್ನೂ ಬಂದಿಲ್ಲ. ಬರದಿದ್ದರೆ ಬೇಡ ಬಿಡಿ, ನನಗೆ ಏನು ಅವಸರ! ನನ್ನನ್ನು ಕಂಡರೆ ಅವಳಿಗೆ ಹೇಳಲು ಒಂದು ಮಾತು ಇದ್ದೇ ಇದೆ. ಅದಕ್ಕೇ ಈ ಮಂಡಿನೋವಿನ ಮುದುಕಿ, ಕೆಲಸವಿರಲಿ ಇಲ್ಲದಿರಲಿ, ದಿನವಿಡೀ ಅವಳ ಮುಂದೆ ಎದ್ದೆದ್ದು ನಿಲ್ಲುತ್ತಾಳೆ.