ಇಸ್ಪೀಟೆಲೆಯಲ್ಲಿ ಕಂಕಣಬಲ

ಏನನ್ನಾದರೂ ಹೊಸದಾಗಿ ಕಲಿಯಲು ಹೊರಟಾಗಲೆಲ್ಲ ನಾನು ನಗೆಪಾಟಲಾಗುವುದು ಇದ್ದದ್ದೇ. ಎಪ್ಪತ್ತರ ದಶಕದ ಮೊದಲಲ್ಲಿ ತೂಬಗೆರೆಯಲ್ಲಿ ಮೇಷ್ಟ್ರಾಗಿದ್ದೆ. ದೊಡ್ಡಬಳ್ಳಾಪುರದಲ್ಲಿ ಹುಡುಗಿಯೊಬ್ಬಳನ್ನು ನೋಡಿ ಬಂದು ತಿಂಗಳಾಗಿತ್ತು. ಹುಡುಗಿ ತುಂಬ ಹಿಡಿಸಿದ್ದಳು. ಅವರ ಕಡೆಯಿಂದ ಮಾತ್ರ ಹೂಂ ಇಲ್ಲ, ಉಹೂಂ ಇಲ್ಲ. ಅಷ್ಟರಲ್ಲಿ ಬೆಂಗಳೂರಿನ ಫುಟ್‌ಪಾತಿನಲ್ಲಿ, ಇಸ್ಪೀಟೆಲೆ ಹಾಕಿ ಭವಿಷ್ಯ ಹೇಳುವುದನ್ನು ಕಲಿಸುವ ಹಳೇ ಪುಸ್ತಕ ಸಿಕ್ಕಿತು. ನನ್ನ ಮದುವೆಯ ವಿಷಯ ಎಲೆಗೆ ಹೇಗೆ ಗೊತ್ತಾಗುತ್ತದೆ ಎಂಬ ಕುತೂಹಲ ತಡೆಯಲಾಗಲಿಲ್ಲ.

ಅಂಗಡಿಯಲ್ಲಿ

"ಒಂದು ಕಟ್ಟು ಇಸ್ಪೀಟು ಕೊಡಿ" ಎಂದೆ. ಅಂಗಡಿ ಶೆಟ್ಟರು ಅತ್ತಿತ್ತ ನೋಡಿ, ಕಟ್ಟನ್ನು ಪೇಪರಿನಲ್ಲಿ ಸುತ್ತಿ, "ಎಲ್ಲಿ ಕೂರ್ತೀರಿ ಮೇಷ್ಟ್ರೇ?" ಎಂದು ಪಿಸುಗುಟ್ಟಿದರು.

"ಆಡೋಕಲ್ಲ ಸ್ವಾಮಿ, ಕಲಿಯೋಕೆ."

"ಎಲ್ರೂ ಹಂಗೇ ಶುರು ಮಾಡೋದು ಬಿಡಿ" ಎಂದು ಸಮಾಧಾನ ಹೇಳಿದರು.

ಅಜ್ಜಿಯ ಹಸು

ಪುಸ್ತಕದ ಪ್ರಕಾರ ಕೆಂಪೆಲೆ ಶುಭ, ಕಪ್ಪೆಲೆ ಅಶುಭ. ಮೊದಲ ಪ್ರಯೋಗ ನನಗೆ ರೂಮು ಬಾಡಿಗೆ ಕೊಟ್ಟಿದ್ದ ಅಜ್ಜಿಯ ಮೇಲೆ. ಗಬ್ಬವಾಗಿದ್ದ ಹಸು ಹೆಣ್ಣುಗರು ಹಾಕುತ್ತದೋ ಇಲ್ಲವೋ ಎಂಬುದು ಅವರ ಪ್ರಶ್ನೆ. ಮೊದಲ ಎಲೆಯೇ ಕಪ್ಪು. ಅಜ್ಜಿ ಅದನ್ನೆತ್ತಿ ಪಕ್ಕಕ್ಕಿಟ್ಟರು. ಎರಡನೆಯದೂ ಕಪ್ಪು. ಅದನ್ನೂ ಎತ್ತಿಟ್ಟರು.

"ಏನಜ್ಜಿ ಇದು?"

"ಅಕ್ಕೀಲಿ ಕಲ್ಲು ಸಿಕ್ಕಿದ್ರೆ ಆರಿಸಿ ಹಾಕಲ್ವೇನಪ್ಪಾ? ಮುಂದಿನದು ಹಾಕು."

ಕೊನೆಗೆ ಕಣ್ಣೆದುರು ಉಳಿದದ್ದೆಲ್ಲ ಕೆಂಪೇ. ಹಸು ಮಾತ್ರ ಹೋರಿಗರು ಹಾಕಿತು. ಅಜ್ಜಿ ಬೇಜಾರಿನಿಂದ, "ಎಲ್ಲೋ ಒಂದು ಕಪ್ಪು ಉಳ್ಕೊಂಡ್ಬಿಟ್ಟಿತ್ತು ಕಣಪ್ಪಾ" ಎಂದರು.

ವಿಚಾರಣೆ

ದಿನಾ ಸಂಜೆ ಕಿಟಕಿಯ ಬಳಿ ಕೂತು ನನ್ನ ಮದುವೆಗೆ ಎಲೆ ಹಾಕುತ್ತಿದ್ದೆ. ಸೋಮವಾರ ಆಗುತ್ತದೆ ಎನ್ನುತ್ತಿತ್ತು, ಮಂಗಳವಾರ ಆಗದು ಎನ್ನುತ್ತಿತ್ತು. ಒಂದು ದಿನ ಸ್ಕೂಲಿನಿಂದ ಬಂದರೆ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದರು. ಹುಡುಗಿಯ ಕಡೆಯವರು ಬಂದು ನನ್ನ ನಡತೆ ವಿಚಾರಿಸಿದರಂತೆ.

"ಕುಡಿಯಲ್ಲ, ಬೀಡಿ ಸೇದಲ್ಲ ಅಂದೆ."

"ಒಳ್ಳೇದಾಯ್ತಜ್ಜಿ."

"ದಿನಾ ಇಸ್ಪೀಟು ಹಾಕ್ತಾನೆ, ಆದ್ರೆ ಯಾರನ್ನೂ ಕೆಡಿಸಲ್ಲ, ಒಬ್ನೇ ಕೂತು ಹಾಕ್ತಾನೆ ಅಂತಾನೂ ಹೇಳ್ದೆ."

ಈ ಸಂಬಂಧ ತಪ್ಪಿತೆಂದು ನಿಜವಾಗಿಯೂ ಅಳು ಬಂತು. ಆ ಸಂಜೆ ಎಲೆ ಹಾಕಿದರೆ 'ಸರ್ವವೂ ಶುಭ' ಎಂದು ಬಂತು.

ಭಾವಿ ಮಾವನ ಪರೀಕ್ಷೆ

ಭಾನುವಾರ ಹುಡುಗಿಯ ಅಪ್ಪ ಅಮ್ಮ ನೇರ ನನ್ನ ರೂಮಿಗೇ ಬಂದರು. ಅಮ್ಮನ ಮುಖ ಬಿಗಿದಿತ್ತು. ನಾನು ಪುಸ್ತಕ ತೋರಿಸಿ, "ಇದು ಜೂಜಲ್ಲ, ಭವಿಷ್ಯ" ಎಂದು ಗೋಗರೆದೆ.

"ಹಂಗಾದ್ರೆ ಹಾಕಿ, ನೋಡೋಣ" ಎಂದರು ಅಪ್ಪ.

ಕಲಸಲು ಹೋದರೆ ಅರ್ಧ ಎಲೆ ಮಂಚದ ಕೆಳಗೆ ಹೋಯಿತು, ಒಂದು ಅವರ ಕಾಫಿ ಲೋಟಕ್ಕೇ ಬಿತ್ತು. ಅವರು ಗಹಗಹಿಸಿ ನಕ್ಕು ಹೆಂಡತಿಗೆ, "ನೋಡೇ ಇಲ್ಲಿ! ಎಲೆ ಕಲಸೋಕೇ ಬರಲ್ಲ, ಇವರೆಂಥಾ ಜೂಜುಗಾರ? ಕಣ್ಮುಚ್ಕೊಂಡು ಹುಡುಗಿ ಕೊಡಬಹುದು" ಎಂದರು.

ನನಗೆ ಹೋದ ಜೀವ ಬಂದಂತಾಯಿತು. ಅದೇ ಖುಷಿಯಲ್ಲಿ ಅವರು ಎಲೆಯನ್ನೆಲ್ಲ ಬಾಚಿಕೊಂಡು, "ಹಿಂಗೆ ಹಿಡೀಬೇಕು ಮೇಷ್ಟ್ರೇ" ಎನ್ನುತ್ತ ಎರಡು ಪಾಲು ಮಾಡಿ, ಫರ್ರನೆ ಒಂದರೊಳಗೊಂದು ಕಲಸಿ, ಎಲೆಯ ಕಡೆ ನೋಡದೆಯೇ ತಲೆಗೆ ಹದಿಮೂರರಂತೆ ಹಂಚಿಬಿಟ್ಟರು.

ಅವರ ಹೆಂಡತಿ ಕಾಫಿ ಲೋಟ ಕೆಳಗಿಟ್ಟು ಮೆಲ್ಲಗೆ ಕೇಳಿದರು:

"ದಿನಾ ಸಂಜೆ ಭಜನೆಗೆ ಹೋಗ್ತೀನಿ ಅಂತಿದ್ರಲ್ಲಾ, ಅಲ್ಲಿ ಇದನ್ನೂ ಹೇಳ್ಕೊಡ್ತಾರಾ?"